ಸ್ಟಿಮ್ಯುಲಸ್ ಹಣವನ್ನು 2021ರ ತೆರಿಗೆ ರಿಟರ್ನಿನಲ್ಲಿ ತಾಳೆ ಹಾಕುವ ಕ್ರಮ: 30ನೇ ಸಾಲು ತುಂಬುವ ಮುನ್ನ

ಅಮೆರಿಕದಲ್ಲಿ 2021ರ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಹೆಚ್ಚಿನವರಿಗೆ 2022ರ ಏಪ್ರಿಲ್ 18ರವರೆಗೆ ಸಮಯವಿತ್ತು. ಕೆಳಗೆ ಹೇಳಿರುವ ಕ್ರಮ, ನಿಯಮ, ಗಡುವುಗಳೆಲ್ಲ ಆ ಹೊತ್ತಿನವು. ಅದರ ಹಿಂದಿನ ವರ್ಷ, 2021ರಲ್ಲಿ, ಸಂಬಳ, ಬಡ್ಡಿ, ಷೇರು ಮಾರಾಟದ ಲೆಕ್ಕವನ್ನೆಲ್ಲ ಪೈಸೆ ಬಿಡದೆ ತುಂಬಿದವರು ಕೂಡ ರಿಟರ್ನಿನ 1040 ಫಾರ್ಮಿನಲ್ಲಿ, ಸ್ಟಿಮ್ಯುಲಸ್ ಎಂಬ ಕೋವಿಡ್ ಪರಿಹಾರ ಹಣದ ಬಾಕಿ ಕೇಳುವ 30ನೇ ಸಾಲಿನಲ್ಲಿ ಎಡವಿದರು. ಕೆಲವರ ರಿಫಂಡ್ ತಿಂಗಳುಗಟ್ಟಲೆ ನಿಂತಿತು, ಕೆಲವರು ಬರಬೇಕಾದ ಹಣವನ್ನು ಕೇಳಲೇ ಇಲ್ಲ. 2022ರಲ್ಲೂ ನನ್ನ ಮುಂದೆ ಬಂದ ಪ್ರಶ್ನೆಗಳು ಬಹುಪಾಲು ಅವೇ.

ಈ ತಪ್ಪುಗಳಲ್ಲಿ ಗಣಿತ ಬಾರದೆ ಆದವು ಕಡಿಮೆ, ಕೆಲಸದ ಕ್ರಮ ಹಿಂದುಮುಂದಾಗಿ ಆದವೇ ಹೆಚ್ಚು. ತೆರಿಗೆ ತುಂಬುವ ಸಾಫ್ಟ್‌ವೇರ್ ಸ್ಟಿಮ್ಯುಲಸ್ ಹಣದ ಪ್ರಶ್ನೆಯನ್ನು ಸಾಮಾನ್ಯವಾಗಿ ಕೊನೆಯ ಭಾಗದಲ್ಲಿ ಕೇಳುತ್ತದೆ. ಎಲ್ಲ ಮುಗಿಯಿತೆಂದು ಕುರ್ಚಿಗೆ ಒರಗುವ ಹೊತ್ತಿಗೆ ಆ ಪ್ರಶ್ನೆ ಎದುರಾಗುತ್ತದೆ, ನಾವು ನೆನಪಿಗೆ ಬಂದ ಅಂಕಿಯನ್ನು ಟೈಪ್ ಮಾಡಿ ಮುಂದೆ ಹೋಗುತ್ತೇವೆ. ಆ ಅಂಕಿಯನ್ನು ಮೊದಲ ದಿನವೇ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ದಾಖಲೆಯಿಂದ ನೋಡಿ ಬರೆದಿಟ್ಟುಕೊಂಡವರಿಗೆ ಮುಂದಿನ ಕೆಲಸ ಒಂದು ಕಳೆಯುವ ಲೆಕ್ಕವಷ್ಟೇ. ಎಚ್-1ಬಿ (ಉದ್ಯೋಗಿಗಳದು), ಎಚ್-4 (ಅವರ ಕುಟುಂಬದವರದು), ಎಫ್-1 (ವಿದ್ಯಾರ್ಥಿಗಳದು) ವೀಸಾಗಳ ಮೇಲೆ ಅಲ್ಲಿರುವ ಕನ್ನಡಿಗರಿಗೆ ಇದಕ್ಕೂ ಮುಂಚಿನ ಎರಡು ಹಂತಗಳಿವೆ, ಅವುಗಳನ್ನು ಹಾರಿಸಿದರೆ ಮುಂದಿನದೆಲ್ಲ ವ್ಯರ್ಥ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ನಡೆಸಬೇಕೆಂದು ಕೋರುತ್ತೇನೆ.

ಯಾವ ಹಣ ಯಾವ ವರ್ಷದ ರಿಟರ್ನಿಗೆ ಸೇರುತ್ತದೆ

ಸ್ಟಿಮ್ಯುಲಸ್ ಎಂದು ಎಲ್ಲರೂ ಕರೆಯುವ ಹಣ ಒಟ್ಟು ಮೂರು ಕಂತುಗಳಲ್ಲಿ ಬಂತು. ಮೊದಲನೆಯದು 2020ರ ಮಾರ್ಚ್ ತಿಂಗಳ ಕೇರ್ಸ್ ಕಾಯ್ದೆಯದು. ಅದರಲ್ಲಿ ವಯಸ್ಕರಿಗೆ ತಲಾ 1,200 ಡಾಲರ್, 17 ವರ್ಷ ತುಂಬದ ಮಗುವಿಗೆ 500 ಡಾಲರ್ ಇತ್ತು. ಎರಡನೆಯದು 2020ರ ಡಿಸೆಂಬರ್ ಕೊನೆಯಲ್ಲಿ ಬಂದ ಕಾಯ್ದೆಯದು, ತಲಾ 600 ಡಾಲರ್. ಮೂರನೆಯದು 2021ರ ಮಾರ್ಚ್ 11ರಂದು ಸಹಿಯಾದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯದು. ಇದರಲ್ಲಿ ತಲಾ 1,400 ಡಾಲರ್, ಅವಲಂಬಿತರಿಗೆ ವಯಸ್ಸಿನ ಮಿತಿಯಿಲ್ಲ.

ಮೊದಲ ಎರಡು ಕಂತುಗಳು 2020ರ ರಿಟರ್ನಿಗೆ ಸೇರುತ್ತವೆ, ಮೂರನೆಯದು ಮಾತ್ರ 2021ರ ರಿಟರ್ನಿಗೆ. ಇಲ್ಲೇ ಮೊದಲ ಗುಂಡಿ ಇದೆ. ಎರಡನೆಯ ಕಂತಿನ 600 ಡಾಲರ್ ಬಹಳ ಜನರ ಖಾತೆಗೆ ಜಮೆಯಾದದ್ದು 2021ರ ಜನವರಿಯಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 2021 ಎಂಬ ಇಸವಿ ಕಂಡ ಕೂಡಲೇ ಅದನ್ನು 1,400ರ ಜೊತೆ ಕೂಡಿಸಿ 2,000 ಎಂದು ಬರೆಯುವವರಿದ್ದಾರೆ. ಹಣ ಕೈಸೇರಿದ ದಿನಾಂಕ ಇಲ್ಲಿ ಲೆಕ್ಕಕ್ಕಿಲ್ಲ, ಅದು ಯಾವ ಕಾಯ್ದೆಯ ಕಂತು ಎಂಬುದೇ ಮುಖ್ಯ.

ಈ ಹಣಕ್ಕೆ ತೆರಿಗೆ ಇಲ್ಲ, ಅದನ್ನು ಆದಾಯವೆಂದು ಎಲ್ಲಿಯೂ ತೋರಿಸಬೇಕಾಗಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಅದು ರಿಕವರಿ ರಿಬೇಟ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿಯ ಮುಂಗಡ. ಐಆರ್‌ಎಸ್ ಮೂರನೆಯ ಕಂತನ್ನು ನಿಮ್ಮ 2019ರ ಇಲ್ಲವೇ 2020ರ ರಿಟರ್ನ್ ನೋಡಿ ಅಂದಾಜಿನಲ್ಲಿ ಕಳುಹಿಸಿತು. ನಿಜವಾದ ಲೆಕ್ಕ 2021ರ ಆದಾಯ ಮತ್ತು 2021ರ ಕುಟುಂಬದ ಮೇಲೆ ಆಗಬೇಕು. ಆ ಲೆಕ್ಕದಲ್ಲಿ ನಿಮಗೆ ಇನ್ನೂ ಬಾಕಿ ಬರಬೇಕಿದ್ದರೆ ಅಷ್ಟನ್ನು 30ನೇ ಸಾಲಿನಲ್ಲಿ ಕೇಳುತ್ತೀರಿ. ಮುಂಗಡವೇ ಹೆಚ್ಚಾಗಿ ಬಂದಿದ್ದರೆ ಹಿಂತಿರುಗಿಸಬೇಕಾಗಿಲ್ಲ, 30ನೇ ಸಾಲು ಸೊನ್ನೆಯಾಗುತ್ತದೆ ಅಷ್ಟೆ. ಇದಕ್ಕೆ ಒಂದು ಅಪವಾದವಿದೆ, ಮುಂದೆ ಹೇಳುತ್ತೇನೆ.

ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದವು

2020ರ ರಿಟರ್ನಿನ ಪ್ರತಿ, ಮನೆಯ ಪ್ರತಿಯೊಬ್ಬರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ (ಎಸ್‌ಎಸ್‌ಎನ್) ಕಾರ್ಡ್ ಅಥವಾ ಅದು ಸಿಗದವರಿಗೆ ತೆರಿಗೆಗಾಗಿ ಕೊಡುವ ಸಂಖ್ಯೆಯಾದ ಐಟಿಐಎನ್ ಪತ್ರ, ಐಆರ್‌ಎಸ್ ಕಳುಹಿಸಿದ 6475 ಸಂಖ್ಯೆಯ ಪತ್ರ, ಮಕ್ಕಳಿದ್ದರೆ 6419 ಸಂಖ್ಯೆಯ ಪತ್ರ, 2021ರ ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು 1040 ಫಾರ್ಮಿನ ಸೂಚನಾ ಪುಸ್ತಿಕೆಯಲ್ಲಿ 30ನೇ ಸಾಲಿಗೆ ಕೊಟ್ಟಿರುವ ವರ್ಕ್‌ಶೀಟ್. ವೀಸಾದವರು ಪಾಸ್‌ಪೋರ್ಟನ್ನೂ ಐ-94 ಪ್ರಯಾಣದ ದಾಖಲೆಯನ್ನೂ ಜೊತೆಗಿಡಬೇಕು.

ಹಂತ 1: ತೆರಿಗೆಯ ಮಟ್ಟಿಗೆ ನೀವು ರೆಸಿಡೆಂಟ್ ಹೌದೋ ಅಲ್ಲವೋ ತೀರ್ಮಾನಿಸಿ

ನಾನ್‌ರೆಸಿಡೆಂಟ್ ಏಲಿಯನ್ ಆದವರಿಗೆ ಈ ಕ್ರೆಡಿಟ್ ಇಲ್ಲ. ಅವರು 1040 ಬದಲಿಗೆ 1040-ಎನ್‌ಆರ್ ಫಾರ್ಮ್ ತುಂಬಬೇಕು. ಇದು ವೀಸಾದ ಹೆಸರಿನಿಂದ ತೀರ್ಮಾನವಾಗುವ ವಿಷಯವಲ್ಲ, ದಿನಗಳ ಎಣಿಕೆಯಿಂದ ತೀರ್ಮಾನವಾಗುವುದು. 2021ರಲ್ಲಿ ಅಮೆರಿಕದಲ್ಲಿದ್ದ ಎಲ್ಲ ದಿನಗಳು, 2020ರ ದಿನಗಳ ಮೂರನೇ ಒಂದು ಭಾಗ, 2019ರ ದಿನಗಳ ಆರನೇ ಒಂದು ಭಾಗ, ಇವು ಕೂಡಿ 183 ಅಥವಾ ಹೆಚ್ಚಾಗಿ, 2021ರಲ್ಲಿ ಕನಿಷ್ಠ 31 ದಿನ ಅಲ್ಲಿದ್ದರೆ ನೀವು ರೆಸಿಡೆಂಟ್. ಎಚ್-1ಬಿಯಲ್ಲಿ ವರ್ಷವಿಡೀ ಅಲ್ಲಿದ್ದವರು ಇದನ್ನು ಸುಲಭವಾಗಿ ದಾಟುತ್ತಾರೆ.

ತೊಡಕು ಇರುವುದು ವಿದ್ಯಾರ್ಥಿಗಳಿಗೆ. ಎಫ್-1 ವೀಸಾದಲ್ಲಿ ಬಂದವರ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳನ್ನು ಈ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ, ಮತ್ತು ಒಂದೇ ದಿನವಿದ್ದರೂ ಅದು ಒಂದು ವರ್ಷವೆಂದೇ ಲೆಕ್ಕ. 2016ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಬಂದವರಿಗೆ 2016ರಿಂದ 2020ರವರೆಗೆ ಐದು ವರ್ಷ ಮುಗಿಯುತ್ತದೆ. 2021ರ ಜನವರಿ 1ರಿಂದ ಅವರ ದಿನಗಳು ಎಣಿಕೆಗೆ ಬರುತ್ತವೆ, ವರ್ಷವಿಡೀ ಅಲ್ಲೇ ಇದ್ದಿದ್ದರೆ ಅವರು 2021ಕ್ಕೆ ರೆಸಿಡೆಂಟ್ ಆಗಿ ಕ್ರೆಡಿಟ್ ಕೇಳಬಹುದು. ಅದೇ 2017ರ ಆಗಸ್ಟ್‌ನಲ್ಲಿ ಬಂದವರಿಗೆ 2021 ಐದನೆಯ ವರ್ಷ, ಆದ್ದರಿಂದ ಒಪಿಟಿಯಲ್ಲಿ (ವಿದ್ಯಾರ್ಥಿಗಳಿಗೆ ಸಿಗುವ ಕೆಲಸದ ಅನುಮತಿಯಲ್ಲಿ) ವರ್ಷವಿಡೀ ದುಡಿದು ಒಳ್ಳೆಯ ಸಂಬಳ ಪಡೆದಿದ್ದರೂ ಅವರು ನಾನ್‌ರೆಸಿಡೆಂಟ್. ಇಂಥವರು 2021ರ ಅಕ್ಟೋಬರ್ 1ಕ್ಕೆ ಎಚ್-1ಬಿಗೆ ಬದಲಾಗಿದ್ದರೂ ಆ ವರ್ಷ ಸಿಗುವುದು 92 ದಿನ ಮಾತ್ರ, 183 ಮುಟ್ಟುವುದಿಲ್ಲ.

ಸಾಮಾನ್ಯ ತಪ್ಪು: ರೂಮಿನಲ್ಲಿ ನಾಲ್ವರಿದ್ದು ಒಬ್ಬನಿಗೆ ಹಣ ಬಂದಿದ್ದರೆ, ಉಳಿದ ಮೂವರೂ ಅವನ ರಿಟರ್ನನ್ನೇ ಮಾದರಿಯಾಗಿಟ್ಟುಕೊಳ್ಳುವುದು. ಅವನು ಒಂದು ವರ್ಷ ಮುಂಚೆ ಬಂದವನಿರಬಹುದು, ಅಥವಾ ಅವನ ರಿಟರ್ನೇ ತಪ್ಪಿರಬಹುದು. ಪ್ರಚಲಿತ ಸಾಫ್ಟ್‌ವೇರ್‌ಗಳಲ್ಲಿ ಹಲವು 1040-ಎನ್‌ಆರ್ ತಯಾರಿಸುವುದೇ ಇಲ್ಲ, ಎಲ್ಲರನ್ನೂ 1040ರ ದಾರಿಗೇ ಹಚ್ಚುತ್ತವೆ ಎಂಬುದನ್ನೂ ನೆನಪಿಡಬೇಕು.

ಹಂತ 2: ಮನೆಯಲ್ಲಿ ಯಾರು ಯಾರು ಲೆಕ್ಕಕ್ಕೆ ಬರುತ್ತಾರೆಂದು ಹೆಸರು ಹಿಡಿದು ಬರೆಯಿರಿ

ಒಂದು ಹಾಳೆಯ ಮೇಲೆ ರಿಟರ್ನಿನಲ್ಲಿ ಬರುವ ಎಲ್ಲರ ಹೆಸರನ್ನೂ ಬರೆದು, ಎದುರಿಗೆ ಅವರ ಸಂಖ್ಯೆ ಎಸ್‌ಎಸ್‌ಎನ್ ಹೌದೋ ಐಟಿಐಎನ್ ಹೌದೋ ಗುರುತು ಹಾಕಿ. ಕೆಲಸಕ್ಕೆ ಮಾನ್ಯವಾದ ಎಸ್‌ಎಸ್‌ಎನ್ ಇದ್ದವರಿಗೆ ತಲಾ 1,400 ಡಾಲರ್, ಐಟಿಐಎನ್ ಮಾತ್ರ ಇದ್ದವರಿಗೆ ಸೊನ್ನೆ. ಡಿಎಚ್‌ಎಸ್ (ಗೃಹಭದ್ರತಾ ಇಲಾಖೆ) ಅನುಮತಿಯಿದ್ದರೆ ಮಾತ್ರ ಕೆಲಸಕ್ಕೆ ಮಾನ್ಯ ಎಂಬ ಒಕ್ಕಣೆಯಿರುವ ಕಾರ್ಡು, ಆ ಅನುಮತಿ ಚಾಲ್ತಿಯಲ್ಲಿರುವ ತನಕ, ನಡೆಯುತ್ತದೆ. ಉದ್ಯೋಗಕ್ಕೆ ಮಾನ್ಯವಲ್ಲ ಎಂದು ಅಚ್ಚಾಗಿರುವ ಕಾರ್ಡು ನಡೆಯುವುದಿಲ್ಲ.

ಗಂಡನಿಗೆ ಎಸ್‌ಎಸ್‌ಎನ್, ಎಚ್-4ರಲ್ಲಿರುವ ಹೆಂಡತಿಗೆ ಐಟಿಐಎನ್, ಅಮೆರಿಕದಲ್ಲೇ ಹುಟ್ಟಿದ ಮಗುವಿಗೆ ಎಸ್‌ಎಸ್‌ಎನ್: ನಮ್ಮವರಲ್ಲಿ ಬಹಳ ಕಾಣುವ ಕುಟುಂಬವಿದು. ಕೇರ್ಸ್ ಕಾಯ್ದೆ ಬಂದಾಗ ಇಂಥ ಜಂಟಿ ರಿಟರ್ನಿಗೆ ಒಂದು ಡಾಲರೂ ಸಿಗುತ್ತಿರಲಿಲ್ಲ. 2020ರ ಡಿಸೆಂಬರ್‌ನ ಕಾಯ್ದೆ ಅದನ್ನು ಹಿಂದಿನಿಂದಲೇ ಜಾರಿಗೆ ಬರುವಂತೆ ತಿದ್ದಿ, ಎಸ್‌ಎಸ್‌ಎನ್ ಇರುವ ಸಂಗಾತಿಗೂ ಮಗುವಿಗೂ ಹಣ ಕೊಟ್ಟಿತು. ಆಗ ನಮಗೆ ಇಲ್ಲ ಎಂದಿದ್ದರು ಎಂದು ಸುಮ್ಮನೆ ಕೂತವರು 2020ರ ರಿಟರ್ನನ್ನು ಇನ್ನೊಮ್ಮೆ ತೆಗೆದು ಅದರ 30ನೇ ಸಾಲು ನೋಡಬೇಕಿತ್ತು. ಖಾಲಿಯಿದ್ದರೆ ಹಂತ 7 ಅವರಿಗಾಗಿಯೇ ಇತ್ತು.

2021ರ ಲೆಕ್ಕದಲ್ಲಿ ನಿಯಮ ಇನ್ನೂ ಸಡಿಲ. ತಂದೆತಾಯಿ ಇಬ್ಬರಿಗೂ ಎಸ್‌ಎಸ್‌ಎನ್ ಇಲ್ಲದಿದ್ದರೂ ಎಸ್‌ಎಸ್‌ಎನ್ ಇರುವ ಅವಲಂಬಿತ ಮಗುವಿನ 1,400 ಡಾಲರ್ ಸಿಗುತ್ತದೆ.

ಎಚ್-4 ಇಎಡಿ (ಕೆಲಸದ ಅನುಮತಿ ಪತ್ರ) ಬಂದು ಎಸ್‌ಎಸ್‌ಎನ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದವರು ಆತುರಪಡಬೇಕಿರಲಿಲ್ಲ. ರಿಟರ್ನಿನ ಗಡುವಿನೊಳಗೆ, ಅಂದರೆ ವಿಸ್ತರಿಸಿದ ಗಡುವಿನೊಳಗೆ ಕೂಡ, ಸಂಖ್ಯೆ ಮಂಜೂರಾಗಿದ್ದರೆ ಸಾಕಿತ್ತು. 4868 ಫಾರ್ಮ್ ಸಲ್ಲಿಸಿದರೆ 2022ರ ಅಕ್ಟೋಬರ್ 17ರವರೆಗೆ ಸಮಯ ಸಿಗುತ್ತಿತ್ತು. ಆದರೆ ಕಟ್ಟಬೇಕಾದ ತೆರಿಗೆಯಿದ್ದರೆ ಅದನ್ನು ಏಪ್ರಿಲ್ 18ರೊಳಗೇ ಕಟ್ಟಬೇಕಿತ್ತು, ಗಡುವಿನ ವಿಸ್ತರಣೆ ಕಾಗದಕ್ಕೆ ಮಾತ್ರ.

ಈ ಪಟ್ಟಿಯಲ್ಲಿ ಮರೆತುಹೋಗುವ ಹೆಸರುಗಳು ಎರಡು ಬಗೆಯವು. 2021ರಲ್ಲಿ ಹುಟ್ಟಿದ ಮಗು ಐಆರ್‌ಎಸ್‌ನ ಹಳೆಯ ದಾಖಲೆಯಲ್ಲಿ ಇರುವುದಿಲ್ಲ, ಆದ್ದರಿಂದ ಅದರ 1,400 ಡಾಲರ್ ನೀವು ಕೇಳಿದರೆ ಮಾತ್ರ ಬರುತ್ತದೆ. ಇನ್ನೊಂದು, 2020ರಲ್ಲಿ ನಿಮ್ಮ ಅವಲಂಬಿತನಾಗಿದ್ದು 2021ರಲ್ಲಿ ಕಾಲೇಜು ಮುಗಿಸಿ ಸ್ವಂತ ದುಡಿಮೆಗೆ ನಿಂತ ಮಗ ಅಥವಾ ಮಗಳು. ಅವರ ಹೆಸರಿನಲ್ಲಿ ಮುಂಗಡ ನಿಮಗೆ ಬಂದಿದ್ದರೂ, ಅವರು ತಮ್ಮ ಸ್ವಂತ ರಿಟರ್ನಿನಲ್ಲಿ 1,400 ಡಾಲರ್ ಕೇಳಬಹುದು, ನೀವು ಹಿಂತಿರುಗಿಸಬೇಕಾಗಿಲ್ಲ. ಎರಡು ಸಲ ಕೊಟ್ಟಂತಾಯಿತಲ್ಲ ಎಂದು ಹಲವರು ಅನುಮಾನಿಸುತ್ತಾರೆ. ಕಾಯ್ದೆ ಇರುವುದೇ ಹಾಗೆ. ಊರಿನಲ್ಲಿರುವ ಅಪ್ಪ ಅಮ್ಮನನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅಮೆರಿಕದ ಪ್ರಜೆಯೂ ಅಲ್ಲದೆ ತೆರಿಗೆಯ ಮಟ್ಟಿಗೆ ರೆಸಿಡೆಂಟೂ ಅಲ್ಲದೆ ಭಾರತದಲ್ಲೇ ಇರುವವರು ಅವಲಂಬಿತರಾಗುವುದಿಲ್ಲ, ನೀವು ಪ್ರತಿ ತಿಂಗಳು ಹಣ ಕಳುಹಿಸುತ್ತಿದ್ದರೂ ಸರಿ.

ಇನ್ನೊಂದು ಸಣ್ಣ ವಿಷಯ. ಊರ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಎಂದು ಇನಿಶಿಯಲ್ ಇಟ್ಟುಕೊಳ್ಳುವ ನಮ್ಮ ಪದ್ಧತಿ ಅಮೆರಿಕದ ಫಾರ್ಮಿನ ಚೌಕಗಳಿಗೆ ಹೊಂದುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಎಸ್‌ಎಸ್‌ಎನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಆಗಿರುವುದುಂಟು. ರಿಟರ್ನಿನಲ್ಲಿ ಕಾರ್ಡಿನ ಮೇಲಿರುವಂತೆಯೇ ಹೆಸರು ಬರೆಯಿರಿ. ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರಗಳು ತಾಳೆಯಾಗದಿದ್ದರೆ ಇ-ಫೈಲ್ ತಿರಸ್ಕೃತವಾಗುತ್ತದೆ.

ಹಂತ 3: ಬಂದ ಮೊತ್ತವನ್ನು ದಾಖಲೆಯಿಂದ ಎತ್ತಿ ಬರೆಯಿರಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಐಆರ್‌ಎಸ್ ನಿಮ್ಮ ರಿಟರ್ನನ್ನು ತಾಳೆ ನೋಡುವುದು ತನ್ನ ದಾಖಲೆಯೊಂದಿಗೆ. ನಿಮ್ಮ ಅಂಕಿ ಆ ದಾಖಲೆಗಿಂತ ಬೇರೆಯಾದರೆ ರಿಟರ್ನ್ ಪಕ್ಕಕ್ಕೆ ಸರಿದು ಕೈಯಿಂದ ಪರಿಶೀಲನೆಯಾಗಬೇಕಾಗುತ್ತದೆ, ಸಾಮಾನ್ಯವಾಗಿ 21 ದಿನದಲ್ಲಿ ಬರುವ ರಿಫಂಡ್ ಅಲ್ಲೇ ನಿಲ್ಲುತ್ತದೆ.

ಅತ್ಯಂತ ನಂಬಿಕೆಯ ದಾರಿಯೆಂದರೆ ಐಆರ್‌ಎಸ್ ಜಾಲತಾಣದಲ್ಲಿ ನಿಮ್ಮ ಆನ್‌ಲೈನ್ ಖಾತೆ ತೆರೆದು, ಟ್ಯಾಕ್ಸ್ ರೆಕಾರ್ಡ್ಸ್ ಪುಟದಲ್ಲಿ ಇಕನಾಮಿಕ್ ಇಂಪ್ಯಾಕ್ಟ್ ಪೇಮೆಂಟ್ (ಇಐಪಿ, ಸ್ಟಿಮ್ಯುಲಸ್ ಹಣದ ಅಧಿಕೃತ ಹೆಸರು) ಎಂಬಲ್ಲಿ ಇರುವ ಮೊತ್ತ ನೋಡುವುದು. ಖಾತೆ ತೆರೆಯಲು ಗುರುತಿನ ಪರಿಶೀಲನೆಯಾಗಬೇಕು, ಅದಕ್ಕೆ ಒಂದು ಸಂಜೆ ಹಿಡಿಯಬಹುದು. ಕೊನೆಯ ವಾರಕ್ಕೆ ಬಿಡಬೇಡಿ ಎನ್ನುವುದು ಅದಕ್ಕೇ. ಪರಿಶೀಲನೆ ಆಗಲೇ ಇಲ್ಲವೆಂದರೆ 2021ರ ಅಕೌಂಟ್ ಟ್ರಾನ್ಸ್‌ಕ್ರಿಪ್ಟನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಅದು ಐಆರ್‌ಎಸ್ ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ ಬರುತ್ತದೆ. ಅದರಲ್ಲಿ 766 ಸಂಕೇತದ ಎದುರು ಕ್ರೆಡಿಟ್, 846 ಸಂಕೇತದ ಎದುರು ಕಳುಹಿಸಿದ ಹಣ ಮತ್ತು ದಿನಾಂಕ ಇರುತ್ತದೆ.

ಎರಡನೆಯ ದಾರಿ 6475 ಸಂಖ್ಯೆಯ ಪತ್ರ. ಮೂರನೆಯ ಕಂತಿನ ಒಟ್ಟು ಮೊತ್ತ ಅದರಲ್ಲಿದೆ. ಆದರೆ 2022ರಲ್ಲಿ ಅತಿ ಹೆಚ್ಚು ಜನರನ್ನು ಕೆಡವಿದ್ದೂ ಅದೇ ಪತ್ರ, ಏಕೆಂದರೆ ಜಂಟಿಯಾಗಿ ಹಣ ಪಡೆದ ದಂಪತಿಗೆ ಅದು ಬೇರೆ ಬೇರೆ ಲಕೋಟೆಯಲ್ಲಿ, ಅರ್ಧರ್ಧ ಮೊತ್ತ ಹೊತ್ತು ಬರುತ್ತದೆ.

ನನಗೆ ಪರಿಚಯದ ಒಂದು ಮನೆಯಲ್ಲಿ ನಡೆದದ್ದು ಹೀಗೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ವರಿಗೂ ಎಸ್‌ಎಸ್‌ಎನ್ ಇದೆ. 2021ರ ವಸಂತದಲ್ಲಿ ಅವರ ಖಾತೆಗೆ 5,600 ಡಾಲರ್ ಬಂದಿತ್ತು. ಗಂಡನ ಹೆಸರಿನ ಪತ್ರ ಬಂತು, ಅದರಲ್ಲಿ 2,800 ಎಂದಿತ್ತು. ಅವರು ಅದನ್ನೇ ಸಾಫ್ಟ್‌ವೇರಿನಲ್ಲಿ ತುಂಬಿದರು. ನಾಲ್ವರಿಗೆ 5,600 ಬರಬೇಕಿತ್ತು, 2,800 ಬಂದಿದೆ, ಆದ್ದರಿಂದ ಇನ್ನೂ 2,800 ಬಾಕಿ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ಹಸಿರು ಬಣ್ಣದಲ್ಲಿ ರಿಫಂಡ್ ಏರಿಸಿ ತೋರಿಸಿತು. ರಿಟರ್ನ್ ಸ್ವೀಕೃತವೂ ಆಯಿತು. ವಾರಗಳ ನಂತರ 2,800 ಕಡಿಮೆಯಾದ ರಿಫಂಡೂ ಸಿಪಿ12 ಎಂಬ ನೋಟಿಸೂ ಬಂದವು. ಹೆಂಡತಿಯ ಹೆಸರಿನ ಲಕೋಟೆ ಫ್ರಿಜ್ ಮೇಲಿನ ಕೂಪನ್‌ಗಳ ರಾಶಿಯಲ್ಲಿ ಒಡೆಯದೆ ಬಿದ್ದಿತ್ತು. ದಂಪತಿಗಳು ಇಬ್ಬರ ಪತ್ರವನ್ನೂ ಒಡೆದು ಕೂಡಿಸಬೇಕು. ಆನ್‌ಲೈನ್ ಖಾತೆಯಲ್ಲೂ ಅಷ್ಟೇ, ಇಬ್ಬರೂ ತಮ್ಮ ತಮ್ಮ ಖಾತೆ ತೆರೆದು ನೋಡಿ ಎರಡನ್ನೂ ಕೂಡಬೇಕು.

ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹುಡುಕುವವರು ಜಮೆಯ ವಿವರಣೆಯನ್ನು ಅಕ್ಷರಶಃ ಓದಬೇಕು. ಐಆರ್‌ಎಸ್ ಟ್ರೆಸ್ 310 ಎಂಬುದು ಎಲ್ಲ ಜಮೆಗಳಿಗೂ ಸಾಮಾನ್ಯ. ಅದರ ಮುಂದೆ ಟ್ಯಾಕ್ಸ್‌ಇಐಪಿ3 ಎಂದಿದ್ದರೆ ಅದು ಮೂರನೆಯ ಸ್ಟಿಮ್ಯುಲಸ್, ಚೈಲ್ಡ್‌ಸಿಟಿಸಿ ಎಂದಿದ್ದರೆ ಮಕ್ಕಳ ಕ್ರೆಡಿಟ್ಟಿನ ಮುಂಗಡ, ಟ್ಯಾಕ್ಸ್ ರೆಫ್ ಎಂದಿದ್ದರೆ ಸಾಮಾನ್ಯ ರಿಫಂಡ್. 2021ರ ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ ಮಗುವೊಂದಕ್ಕೆ 250 ಅಥವಾ 300 ಡಾಲರ್‌ನಂತೆ ಬಂದ ಹಣ ಸ್ಟಿಮ್ಯುಲಸ್ ಅಲ್ಲ. ಅದರ ಲೆಕ್ಕ 6419 ಪತ್ರ ನೋಡಿ 8812 ಶೆಡ್ಯೂಲ್‌ನಲ್ಲಿ ಆಗಬೇಕು. ಎರಡನ್ನೂ ಬೆರೆಸಿದರೆ ಎರಡೂ ಸಾಲು ಕೆಡುತ್ತವೆ.

ಇನ್ನೂ ಒಂದು ಕಣ್ತಪ್ಪು: ಪ್ಲಸ್-ಅಪ್ ಎಂಬ ಪೂರಕ ಹಣ. ಮೊದಲು 2019ರ ರಿಟರ್ನ್ ನೋಡಿ ಹಣ ಕಳುಹಿಸಿದ ಐಆರ್‌ಎಸ್, ನಂತರ 2020ರ ರಿಟರ್ನ್ ಸಂಸ್ಕರಣೆಯಾದ ಮೇಲೆ ಕೆಲವರಿಗೆ ವ್ಯತ್ಯಾಸವನ್ನು ಪ್ರತ್ಯೇಕವಾಗಿ ಕಳುಹಿಸಿತು. ಮಾರ್ಚ್‌ನ ಜಮೆ ನೆನಪಿರುತ್ತದೆ, ಜೂನ್ ಅಥವಾ ಜುಲೈಯ ಎರಡನೆಯದು ಮರೆತಿರುತ್ತದೆ. 6475 ಪತ್ರದಲ್ಲಿ ಎರಡೂ ಸೇರಿಯೇ ಇರುತ್ತವೆ.

ಹಂತ 4: ನಿಮಗೆ ನ್ಯಾಯವಾಗಿ ಎಷ್ಟು ಬರಬೇಕಿತ್ತು, ಲೆಕ್ಕ ಹಾಕಿ

ಹಂತ 2ರ ಪಟ್ಟಿಯಲ್ಲಿ ಎಸ್‌ಎಸ್‌ಎನ್ ಇರುವವರ ಸಂಖ್ಯೆಯನ್ನು 1,400ರಿಂದ ಗುಣಿಸಿ. ನಂತರ 2021ರ 1040 ಫಾರ್ಮಿನ 11ನೇ ಸಾಲಿನಲ್ಲಿರುವ ಎಜಿಐ (ಕೆಲವು ಕಡಿತಗಳ ನಂತರದ ಒಟ್ಟು ಆದಾಯ) ನೋಡಿ. ಒಂಟಿ ರಿಟರ್ನಿಗೆ 75,000, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ (ಅವಲಂಬಿತರನ್ನು ಸಾಕುವ ಒಂಟಿ ವ್ಯಕ್ತಿಗೆ) 1,12,500, ಜಂಟಿ ರಿಟರ್ನಿಗೆ 1,50,000 ಡಾಲರ್ ಮೀರದಿದ್ದರೆ ಪೂರ್ತಿ ಮೊತ್ತ. ಅದಕ್ಕಿಂತ ಮೇಲೆ ಹೋದಂತೆ ಬಹಳ ಬೇಗ ಕರಗಿ, ಕ್ರಮವಾಗಿ 80,000, 1,20,000 ಮತ್ತು 1,60,000ಕ್ಕೆ ಸೊನ್ನೆಯಾಗುತ್ತದೆ. ಮೊದಲ ಎರಡು ಕಂತುಗಳಲ್ಲಿ ಪ್ರತಿ 100 ಡಾಲರಿಗೆ 5 ಡಾಲರಿನಂತೆ ನಿಧಾನವಾಗಿ ಇಳಿಯುತ್ತಿತ್ತು. ಆ ಸೂತ್ರವನ್ನು ಇಲ್ಲಿ ಹಚ್ಚಿದವರ ಉತ್ತರ ತಪ್ಪೇ ಬರುತ್ತದೆ.

ನಾಲ್ವರ ಕುಟುಂಬ, ಜಂಟಿ ರಿಟರ್ನ್, 2021ರ ಎಜಿಐ 1,54,000 ಡಾಲರ್ ಎಂದಿಟ್ಟುಕೊಳ್ಳಿ. 1,60,000ದಿಂದ ಕಳೆದರೆ 6,000 ಉಳಿಯಿತು. ಅದನ್ನು 10,000ದಿಂದ ಭಾಗಿಸಿದರೆ 0.6. ಪೂರ್ತಿ ಮೊತ್ತವಾದ 5,600ನ್ನು 0.6ರಿಂದ ಗುಣಿಸಿದರೆ 3,360 ಡಾಲರ್. 2020ರಲ್ಲಿ ಇವರ ಎಜಿಐ 1,65,000 ಇದ್ದು ಮುಂಗಡ ಏನೂ ಬಂದಿರದಿದ್ದರೆ, ಈಗ 3,360 ಡಾಲರ್ ಪೂರ್ತಿಯಾಗಿ ಕೇಳಬಹುದು. ಅದೇ 2020ರಲ್ಲಿ 1,40,000 ಇದ್ದು 5,600 ಮುಂಗಡ ಬಂದಿದ್ದರೆ ಕೇಳಲು ಏನೂ ಇಲ್ಲ, ಹಿಂತಿರುಗಿಸಲೂ ಏನೂ ಇಲ್ಲ. ಒಂಟಿ ರಿಟರ್ನಿನವರು ಭಾಗಿಸಬೇಕಾದ ಸಂಖ್ಯೆ 5,000, ಹೆಡ್ ಆಫ್ ಹೌಸ್‌ಹೋಲ್ಡ್‌ನವರಿಗೆ 7,500.

ಈ ಮಿತಿಯ ಅಂಚಿನಲ್ಲಿರುವವರಿಗೆ ಒಂದು ಮಾತು. ನಾಲ್ವರ ಜಂಟಿ ರಿಟರ್ನಿನಲ್ಲಿ 1,50,000ದಿಂದ 1,60,000ದ ನಡುವೆ ಎಜಿಐ 1,000 ಡಾಲರ್ ಇಳಿದರೆ ಕ್ರೆಡಿಟ್ 560 ಡಾಲರ್ ಏರುತ್ತದೆ. ಅರ್ಹರಾದವರು 2021ರ ಲೆಕ್ಕಕ್ಕೆ ಸಾಂಪ್ರದಾಯಿಕ ಐಆರ್‌ಎ (ನಿವೃತ್ತಿ ಉಳಿತಾಯ) ಅಥವಾ ಎಚ್‌ಎಸ್‌ಎ (ವೈದ್ಯಕೀಯ ವೆಚ್ಚದ ಉಳಿತಾಯ) ಖಾತೆಗೆ 2022ರ ಏಪ್ರಿಲ್ 18ರವರೆಗೂ ಹಣ ಹಾಕಬಹುದಿತ್ತು. ಇದನ್ನು ಯೋಚಿಸಬೇಕಾದ್ದು ರಿಟರ್ನ್ ಕಳುಹಿಸುವ ಮೊದಲು.

ಹಂತ 5: 30ನೇ ಸಾಲಿನಲ್ಲಿ ವ್ಯತ್ಯಾಸವನ್ನು ಮಾತ್ರ ಬರೆಯಿರಿ

ಹಂತ 4ರ ಮೊತ್ತದಿಂದ ಹಂತ 3ರ ಮೊತ್ತವನ್ನು ಕಳೆಯಿರಿ. ಉಳಿದದ್ದು 30ನೇ ಸಾಲಿಗೆ. ಕಾಗದದಲ್ಲಿ ತುಂಬುವವರು ಬಂದ ಹಣವನ್ನೇ ಆ ಸಾಲಿನಲ್ಲಿ ಬರೆದುಬಿಡುತ್ತಾರೆ, ಅಂದರೆ ಇನ್ನೊಮ್ಮೆ ಕೊಡಿ ಎಂದು ಕೇಳಿದಂತೆ. ಸಾಫ್ಟ್‌ವೇರಿನಲ್ಲಿ ಇದು ಉಲ್ಟಾ: ಅದು ಕೇಳುವುದು ಬಂದ ಹಣವನ್ನು, ವ್ಯತ್ಯಾಸವನ್ನು ತಾನೇ ಲೆಕ್ಕ ಹಾಕುತ್ತದೆ. ಅಲ್ಲಿ ವ್ಯತ್ಯಾಸ ಬರೆದವರೂ ಇದ್ದಾರೆ.

ಮೇಲೆ ಹೇಳಿದ ಎಚ್-1ಬಿ ಗಂಡ, ಐಟಿಐಎನ್ ಇರುವ ಹೆಂಡತಿಯ ಕುಟುಂಬವನ್ನೇ ತೆಗೆದುಕೊಳ್ಳೋಣ. ಎಜಿಐ 1,31,000 ಡಾಲರ್. ಹಳೆಯ ಮಗುವಿನ ಜೊತೆಗೆ 2021ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮಗು ಹುಟ್ಟಿ ಅದಕ್ಕೂ ಎಸ್‌ಎಸ್‌ಎನ್ ಬಂದಿದೆ. ಬರಬೇಕಾದ್ದು ಮೂವರಿಗೆ 4,200. ಮುಂಗಡ ಬಂದದ್ದು ಇಬ್ಬರಿಗೆ 2,800. 30ನೇ ಸಾಲು 1,400. ಕಳುಹಿಸುವ ಮುನ್ನ ಸಾಫ್ಟ್‌ವೇರ್ ತಯಾರಿಸಿದ 1040ರ ಪಿಡಿಎಫ್ ತೆರೆದು ಆ ಸಾಲನ್ನು ಕಣ್ಣಾರೆ ನೋಡಿ, ನಿಮ್ಮ ಹಾಳೆಯ ಉತ್ತರಕ್ಕೆ ತಾಳೆಯಾಗದಿದ್ದರೆ ಕಳುಹಿಸಬೇಡಿ.

ಹಂತ 6: ದಾಖಲೆಯಲ್ಲಿ ಕಳುಹಿಸಲಾಗಿದೆ ಎಂದಿದ್ದು, ಹಣ ಕೈಸೇರದಿದ್ದರೆ

ನನಗೆ ಬಂದಿಲ್ಲ ಎಂದು ಸೊನ್ನೆ ಬರೆದು ಪೂರ್ತಿ ಕ್ರೆಡಿಟ್ ಕೇಳಿದರೆ ಐಆರ್‌ಎಸ್ ಅದನ್ನು ಹೊಡೆದುಹಾಕುತ್ತದೆ. ಇದಕ್ಕೆ ಪೇಮೆಂಟ್ ಟ್ರೇಸ್ ಎಂಬ ಬೇರೆ ದಾರಿಯಿದೆ. 3911 ಫಾರ್ಮ್ ತುಂಬಿ ಅಂಚೆ ಅಥವಾ ಫ್ಯಾಕ್ಸ್ ಮೂಲಕ ಕಳುಹಿಸಬೇಕು, ಮೇಲ್ಭಾಗದಲ್ಲಿ ಇಐಪಿ3 ಎಂದು ಬರೆಯಬೇಕು, ಜಂಟಿ ಹಣವಾಗಿದ್ದರೆ ಇಬ್ಬರೂ ಸಹಿ ಮಾಡಬೇಕು. ನೇರ ಜಮೆಯಾಗಿದ್ದರೆ 5 ದಿನ, ಚೆಕ್ ಆಗಿದ್ದರೆ 4 ವಾರ, ವಿದೇಶದ ವಿಳಾಸಕ್ಕೆ ಕಳುಹಿಸಿದ ಚೆಕ್ ಆಗಿದ್ದರೆ 9 ವಾರ ಕಳೆದ ಮೇಲೆ ಇದನ್ನು ಆರಂಭಿಸಬಹುದು. ಚೆಕ್ ನಗದಾಗಿಲ್ಲವೆಂದು ಖಚಿತವಾದರೆ ಆ ಮೊತ್ತವನ್ನು ಕ್ರೆಡಿಟ್ಟಿನಲ್ಲಿ ಪಡೆಯಬಹುದು.

ಅದಕ್ಕೆ ಮುಂಚೆ ಮನೆಯ ಹಳೆಯ ಅಂಚೆಯನ್ನು ಒಮ್ಮೆ ಜಾಲಾಡಿ. ಕೆಲವರಿಗೆ ಹಣ ಚೆಕ್ ಬದಲು ವೀಸಾ ಡೆಬಿಟ್ ಕಾರ್ಡಿನಲ್ಲಿ ಬಂತು. ಮನಿ ನೆಟ್‌ವರ್ಕ್ ಕಾರ್ಡ್‌ಹೋಲ್ಡರ್ ಸರ್ವಿಸಸ್ ಎಂಬ ಹೆಸರಿನ ಸಾದಾ ಲಕೋಟೆ ನೋಡಿ, ಯಾವುದೋ ಕ್ರೆಡಿಟ್ ಕಾರ್ಡಿನ ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಿದವರು ಕಡಿಮೆಯೇನಲ್ಲ. ಕಳೆದ ಕಾರ್ಡಿಗೆ ಬದಲಿ ಕಾರ್ಡ್ ಕೊಡುತ್ತಿದ್ದರು.

ಹಂತ 7: ರಿಟರ್ನ್ ಈಗಾಗಲೇ ಹೋಗಿದ್ದರೆ

ಇಲ್ಲಿ ಎರಡು ಸ್ಥಿತಿಗಳನ್ನು ಬಿಡಿಸಿ ನೋಡಬೇಕು. 30ನೇ ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚಿನ ಯಾವುದೋ ತಪ್ಪು ಅಂಕಿ ಬರೆದಿದ್ದರೆ ತಿದ್ದುಪಡಿ ಕಳುಹಿಸಬೇಡಿ, ಐಆರ್‌ಎಸ್ ತಾನೇ ಸರಿಪಡಿಸಿ ನೋಟಿಸ್ ಕಳುಹಿಸುತ್ತದೆ. ಸೊನ್ನೆ ಬರೆದಿದ್ದರೆ ಅಥವಾ ಖಾಲಿ ಬಿಟ್ಟಿದ್ದರೆ ಮತ್ತು ನಿಮಗೆ ನಿಜವಾಗಿ ಬಾಕಿಯಿದ್ದರೆ, ಐಆರ್‌ಎಸ್ ಲೆಕ್ಕ ಹಾಕಿ ಕೊಡುತ್ತದೆಂದು ಕಾಯದೆ 1040-ಎಕ್ಸ್ ಎಂಬ ತಿದ್ದುಪಡಿ ಫಾರ್ಮ್ ಸಲ್ಲಿಸಬೇಕಿತ್ತು. 2020ರ ರಿಟರ್ನಿಗೂ ಆಗ ಇದೇ ನಿಯಮವಿತ್ತು. ಮೂಲ ರಿಟರ್ನೇ ಇನ್ನೂ ಸಂಸ್ಕರಣೆಯಾಗದಿದ್ದರೆ ಅದು ಮುಗಿಯುವವರೆಗೆ ತಡೆಯಿರಿ, ಎರಡು ಕಾಗದ ಒಟ್ಟಿಗೆ ಒಳಗಿದ್ದರೆ ಎರಡೂ ನಿಧಾನವಾಗುತ್ತವೆ.

ನೋಟಿಸ್ ಬಂದರೆ ಮೊದಲು ಅದರ ಸಂಖ್ಯೆ ನೋಡಿ. ಸಿಪಿ12 ಎಂದರೆ ರಿಫಂಡ್ ಮೊತ್ತ ಬದಲಾಗಿದೆ, ಸಿಪಿ11 ಎಂದರೆ ನೀವೇ ಕಟ್ಟಬೇಕಾಗಿದೆ, ಸಿಪಿ13 ಎಂದರೆ ಕೊಡುವುದೂ ಇಲ್ಲ ತೆಗೆದುಕೊಳ್ಳುವುದೂ ಇಲ್ಲ. ಅವರ ಲೆಕ್ಕ ಸರಿಯಿದ್ದರೆ ಪತ್ರವನ್ನು ಫೈಲಿಗೆ ಸೇರಿಸಿ, ಕಟ್ಟುವುದಿದ್ದರೆ ಕಟ್ಟಿ. ಸರಿಯಿಲ್ಲವೆಂದು ನಿಮಗೆ ಖಾತ್ರಿಯಿದ್ದರೆ ನೋಟಿಸಿನ ದಿನಾಂಕದಿಂದ 60 ದಿನದೊಳಗೆ, ಅದರಲ್ಲೇ ಇರುವ ವಿಳಾಸಕ್ಕೆ ಅಥವಾ ಫೋನ್ ಸಂಖ್ಯೆಗೆ, ಆಕ್ಷೇಪ ತಿಳಿಸಬೇಕು. ಎಣಿಕೆ ಶುರುವಾಗುವುದು ಪತ್ರದ ಮೇಲಿನ ದಿನಾಂಕದಿಂದ, ನಿಮ್ಮ ಕೈಸೇರಿದ ದಿನದಿಂದಲ್ಲ. ಊರಿಗೆ ಹೋಗಿದ್ದೆ, ಪತ್ರ ನೋಡಲಿಲ್ಲ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ಬರಬಾರದ ಹಣ ಬಂದಿದ್ದರೆ

ಹೆಚ್ಚಿಗೆ ಬಂದದ್ದನ್ನು ಹಿಂತಿರುಗಿಸಬೇಕಾಗಿಲ್ಲ ಎಂದು ಹೇಳಿದ್ದಕ್ಕೆ ಅಪವಾದ ಇದು. ನಾನ್‌ರೆಸಿಡೆಂಟ್ ಆಗಿದ್ದೂ ತಪ್ಪಾಗಿ 1040 ತುಂಬಿ, ಅದರಿಂದಾಗಿ ಸ್ಟಿಮ್ಯುಲಸ್ ಪಡೆದ ವಿದ್ಯಾರ್ಥಿಗಳು ಆ ಹಣವನ್ನು ಹಿಂತಿರುಗಿಸಬೇಕೆಂದು ಐಆರ್‌ಎಸ್ ಹೇಳಿದೆ. ನಗದಾಗದ ಚೆಕ್ ಇದ್ದರೆ ಹಿಂಬದಿಯ ಸಹಿಯ ಜಾಗದಲ್ಲಿ ವಾಯ್ಡ್ ಎಂದು ಬರೆದು ಕಳುಹಿಸಬೇಕು. ಅದನ್ನು ಮಡಿಸಬಾರದು, ಪಿನ್ ಹೊಡೆಯಬಾರದು. ಖಾತೆಗೆ ಜಮೆಯಾಗಿದ್ದರೆ ಯುಎಸ್ ಟ್ರೆಷರಿ ಹೆಸರಿಗೆ ವೈಯಕ್ತಿಕ ಚೆಕ್ ಅಥವಾ ಮನಿ ಆರ್ಡರ್ ಬರೆದು, ಅದರ ಮೇಲೆ ಮೂರನೆಯ ಇಐಪಿ ಎಂದೂ ನಿಮ್ಮ ಎಸ್‌ಎಸ್‌ಎನ್ ಸಂಖ್ಯೆಯನ್ನೂ ನಮೂದಿಸಿ, ಕಾರಣದ ಚಿಕ್ಕ ಟಿಪ್ಪಣಿಯೊಂದಿಗೆ ನಿಮ್ಮ ರಾಜ್ಯಕ್ಕೆ ಗೊತ್ತುಪಡಿಸಿದ ಐಆರ್‌ಎಸ್ ವಿಳಾಸಕ್ಕೆ ಕಳುಹಿಸಬೇಕು. ಇದರ ಜೊತೆಗೆ ಆ ವರ್ಷದ ರಿಟರ್ನನ್ನೂ 1040-ಎನ್‌ಆರ್‌ಗೆ ತಿದ್ದಬೇಕು. ಹಣ ಕೊಟ್ಟು ರಿಟರ್ನ್ ತಿದ್ದದೆ ಬಿಡುವುದು ಅರ್ಧ ಕೆಲಸ. ಮುಂದೆ ಗ್ರೀನ್ ಕಾರ್ಡಿನ ಕಡತದಲ್ಲಿ ಹಳೆಯ ರಿಟರ್ನುಗಳನ್ನು ಕೇಳುವ ಸಂದರ್ಭ ಬರಬಹುದೆಂದು ನೆನೆದರೆ, 1,400 ಡಾಲರ್ ಆಸೆಗೆ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕಂಡ ಕೂಡಲೇ ಹಿಂದೆ ಸರಿಯಬೇಕಾದ ಸೂಚನೆಗಳು

ನಿಮ್ಮ ವೀಸಾ ಇತಿಹಾಸ ಕೇಳದೆಯೇ ಎಲ್ಲರಿಗೂ 1,400 ಬರುತ್ತದೆ ಎನ್ನುವ ತೆರಿಗೆ ಸಲಹೆಗಾರ, ಫೀಸನ್ನು ರಿಫಂಡಿನ ಶೇಕಡಾವಾರು ಕೇಳುವವನು, ರಿಟರ್ನಿನ ಮೇಲೆ ತನ್ನ ಸಹಿಯನ್ನೂ ಪಿಟಿಐಎನ್ (ರಿಟರ್ನ್ ತಯಾರಿಸುವವರ ನೋಂದಣಿ) ಸಂಖ್ಯೆಯನ್ನೂ ಹಾಕಲು ಒಪ್ಪದವನು, ರಿಫಂಡ್ ತನ್ನ ಖಾತೆಗೆ ಬರಲಿ ಎನ್ನುವವನು: ಇವರಲ್ಲಿ ಯಾರಿಗೂ ನಿಮ್ಮ ಎಸ್‌ಎಸ್‌ಎನ್ ಕೊಡಬೇಡಿ. ರಿಟರ್ನಿನ ಮೇಲಿನ ಹೊಣೆ ಕೊನೆಗೆ ನಿಮ್ಮದೇ. ಸ್ಟಿಮ್ಯುಲಸ್ ಹಣ ಬಿಡುಗಡೆ ಮಾಡಲು ಲಿಂಕ್ ಒತ್ತಿ ಎಂಬ ಮೊಬೈಲ್ ಸಂದೇಶ ಬಂದರೆ ಅಳಿಸಿಹಾಕಿ. ಐಆರ್‌ಎಸ್ ಇಂಥ ವಿಷಯಕ್ಕೆ ಮೊದಲು ಬರೆಯುವುದು ಅಂಚೆಯಲ್ಲಿ.

ಭಾರತಕ್ಕೆ ಹಿಂತಿರುಗಿದವರು ಒಂದು ಕೆಲಸವನ್ನು ಮರೆಯಬಾರದು. ತಿದ್ದುಪಡಿ ರಿಟರ್ನಿನ ರಿಫಂಡ್ 2022ರಲ್ಲಿ ಕಾಗದದ ಚೆಕ್ಕಿನಲ್ಲೇ ಬರುತ್ತಿತ್ತು, ಡಾಲರ್ ಚೆಕ್ಕನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಗದು ಮಾಡಿಸುವುದು ದೊಡ್ಡ ತಲೆನೋವು. ಸಾಧ್ಯವಿದ್ದರೆ ಮೂಲ ರಿಟರ್ನಿನಲ್ಲೇ ಸರಿಯಾಗಿ ಕೇಳಿ, ಅಮೆರಿಕದ ಬ್ಯಾಂಕ್ ಖಾತೆಯನ್ನು ರಿಫಂಡ್ ಬಂದು ಸೇರುವವರೆಗೆ ಮುಚ್ಚಬೇಡಿ. ವಿಳಾಸ ಬದಲಾಗಿದ್ದರೆ 8822 ಫಾರ್ಮ್ ಮೂಲಕ ಐಆರ್‌ಎಸ್‌ಗೆ ತಿಳಿಸಿ, ಇಲ್ಲದಿದ್ದರೆ ಆ 60 ದಿನದ ನೋಟಿಸ್ ನೀವು ಬಿಟ್ಟುಬಂದ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಗೇ ಹೋಗಿ ಬೀಳುತ್ತದೆ.